ಊಟ ಆಯ್ತಾ, ಅಜ್ಜಿ?

ನಮ್ಮ ಮನೆಯಲ್ಲಿ ಶನಿವಾರ ಬೆಳಿಗ್ಗೆ ಎಂಟೂವರೆ ಅಂದರೆ ಅಜ್ಜಿಯ ಹೊತ್ತು. ಎಡಿಸನ್ನಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ, ದೋಸೆ ಹಿಟ್ಟಿನ ಪಾತ್ರೆಗೆ ಒರಗಿಸಿಟ್ಟ ಫೋನಿನಲ್ಲಿ, ಮೈಸೂರಿನಿಂದ ಅಮ್ಮ ಕಾಣಿಸಿಕೊಳ್ಳುತ್ತಾಳೆ. ಅಲ್ಲಿ ಆಗ ಸಂಜೆ ಆರು ಗಂಟೆ. ದೇವರಿಗೆ ದೀಪ ಹಚ್ಚಿ, ಕನ್ನಡಕ ಒರೆಸಿಕೊಂಡು, ಮೊಮ್ಮಗಳ ಮುಖ ನೋಡಲು ಕೂತಿರುತ್ತಾಳೆ. ಇಲ್ಲಿ ಎಂಟು ವರ್ಷದ ನನ್ನ ಮಗಳು ಒಂದು ಕೈಯಲ್ಲಿ ದೋಸೆ, ಇನ್ನೊಂದು ಕೈಯಲ್ಲಿ ಪೆನ್ಸಿಲು ಹಿಡಿದು ಅಜ್ಜಿಗೆ ವಾರದ ವರದಿ ಒಪ್ಪಿಸುತ್ತಾಳೆ. ಅಜ್ಜಿ ಕೇಳುವುದು ಕನ್ನಡದಲ್ಲಿ, ಮೊಮ್ಮಗಳು ಹೇಳುವುದು ಇಂಗ್ಲಿಷಿನಲ್ಲಿ. ಅಜ್ಜಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ಮುಖ ನೋಡಿ ತುಂಬಿಕೊಳ್ಳುತ್ತಾಳೆ. ಇದರಿಂದ ಅವರಿಬ್ಬರಿಗೂ ಏನೂ ತೊಂದರೆ ಇದ್ದ ಹಾಗೆ ಕಾಣುವುದಿಲ್ಲ.

ತೊಂದರೆ ನನಗೆ. ಒಲೆಯ ಮುಂದೆ ನಿಂತುಕೊಂಡು ಐದು ನಿಮಿಷಕ್ಕೊಮ್ಮೆ "ಕನ್ನಡದಲ್ಲಿ ಹೇಳು ಪುಟ್ಟಿ" ಅನ್ನುತ್ತಿರುತ್ತೇನೆ. ನಿಮ್ಮ ಮನೆಯಲ್ಲೂ ಈ ಮಾತು ಇದ್ದೇ ಇರುತ್ತದೆ. ಹಲ್ಲುಜ್ಜು, ಶೂ ಹಾಕ್ಕೋ, ಕನ್ನಡದಲ್ಲಿ ಹೇಳು. ದಿನಕ್ಕೆ ಎಷ್ಟು ಸಲ ಹೇಳುತ್ತೇವೋ ಲೆಕ್ಕ ಇಟ್ಟವರಿಲ್ಲ.

ಹೋದ ಸೆಪ್ಟೆಂಬರಿನ ಒಂದು ಶನಿವಾರ ನಾನು ಒಲೆಯ ಮುಂದೆ ಕೂಡ ಇರಲಿಲ್ಲ. ಮುಂದಿನ ಮಂಗಳವಾರ ನ್ಯೂಯಾರ್ಕಿನಲ್ಲಿ ಒಂದು ದಿನದ ವಿಜ್ಞಾನ ಸಮ್ಮೇಳನವಿತ್ತು. ದೇಹ ಆರೋಗ್ಯವಾಗಿದ್ದಾಗ ಮತ್ತು ಕಾಯಿಲೆ ಬಿದ್ದಾಗ ಜೀವಕೋಶಗಳು ಒಂದರೊಡನೊಂದು ಹೇಗೆ ಮಾತಾಡಿಕೊಳ್ಳುತ್ತವೆ ಎಂಬುದು ಅದರ ವಿಷಯ. ನಾನು ನ್ಯೂಜೆರ್ಸಿಯ ಒಂದು ಪ್ರಯೋಗಾಲಯದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳ ಮೇಲೆ ಕೆಲಸ ಮಾಡುವವಳು. ಹತ್ತು ವರ್ಷದಲ್ಲಿ ಮೊದಲ ಸಲ ನನ್ನ ಹೆಸರು ಮೇಲಿರುವ ಪೋಸ್ಟರೊಂದು ಅಲ್ಲಿ ಗೋಡೆಗೇರುವುದಿತ್ತು. ಮೇಜಿನ ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅದರ ಅಕ್ಷರ ತಿದ್ದುತ್ತಿದ್ದೆ.

"ಅಮ್ಮಾ, ಅಜ್ಜಿ ಸೇಯ್ಸ್ ಡಾರ್ಕ್‌ನೆಸ್ ಈಸ್ ಕಮಿಂಗ್ ಟು ಹರ್ ಐಸ್" ಅಂದಳು ಮಗಳು.

ನಾನು ತಲೆ ಎತ್ತಲಿಲ್ಲ. "ಕನ್ನಡದಲ್ಲಿ ಹೇಳು ಪುಟ್ಟಿ."

"ಅಜ್ಜಿ... ಕಣ್ಣು..." ಅವಳು ತಡವರಿಸಿದಳು. "ಐ ಡೋಂಟ್ ನೋ ಹೌ ಟು ಸೇ ಇಟ್, ಅಮ್ಮಾ."

"ಅಜ್ಜಿ ಹೇಗೆ ಹೇಳಿದ್ರೋ ಹಾಗೇ ಹೇಳು."

ಅಷ್ಟರಲ್ಲಿ ಆ ಕಡೆಯಿಂದ "ಆಮೇಲೆ ಮಾಡ್ತೀನಿ ಕಣಮ್ಮ" ಎಂಬ ಅಮ್ಮನ ದನಿ ಕೇಳಿಸಿತು. ಕರೆ ಕಡಿಯಿತು. ಮಗಳು ನನ್ನನ್ನು ಒಂದು ಗಳಿಗೆ ನೋಡಿ, ಪೆನ್ಸಿಲು ತೆಗೆದುಕೊಂಡು ತನ್ನ ಕೋಣೆಗೆ ಹೋದಳು.

ಇಪ್ಪತ್ತು ನಿಮಿಷ ಕಳೆದು ಮೈಸೂರಿನ ಪಕ್ಕದ ಮನೆಯ ಆಂಟಿ ಫೋನು ಮಾಡಿದರು. ಹೂವು ಕೊಡಲು ಬಂದವರಿಗೆ ಅಮ್ಮ ಬಾಗಿಲು ತೆಗೆದದ್ದೇನೋ ಹೌದು, ಆದರೆ ಮಾತು ತೊದಲುತ್ತಿತ್ತಂತೆ, ಮೈಯೆಲ್ಲ ಬೆವರು, ಕೈ ನಡುಕ. ಪುಣ್ಯಕ್ಕೆ ಆಂಟಿಯ ಯಜಮಾನರಿಗೂ ಸಕ್ಕರೆ ಕಾಯಿಲೆ. ಅವರು ನೋಡಿದ ಕೂಡಲೇ ಅರ್ಥ ಮಾಡಿಕೊಂಡು ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದ್ದರು. ಆಮೇಲೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 52. ಎಪ್ಪತ್ತಕ್ಕಿಂತ ಕೆಳಗಿಳಿದರೇ ಎಚ್ಚರ ವಹಿಸಬೇಕು. ಕುಡಿಸುವ ಮೊದಲು ಎಷ್ಟಿತ್ತೋ.

ಅಂದು ಏಕಾದಶಿ. ಅಮ್ಮ ಒಂದು ಲೋಟ ಹಾಲಿನ ಮೇಲೆ ದಿನ ತಳ್ಳಿದ್ದಳು. ಆದರೆ ಬೆಳಗಿನ ಸಕ್ಕರೆ ಮಾತ್ರೆಯನ್ನು ಅಭ್ಯಾಸಬಲದಿಂದ ನುಂಗಿದ್ದಳು. ಅವಳು ತೆಗೆದುಕೊಳ್ಳುವುದು ಸಲ್ಫೊನೈಲ್‌ಯೂರಿಯಾ ಗುಂಪಿನ ಮಾತ್ರೆ. ಹೊಟ್ಟೆಗೆ ಅನ್ನ ಬಿದ್ದಿದೆಯೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ, ಇನ್ಸುಲಿನ್ ಬಿಡು ಎಂದು ಮೇದೋಜೀರಕ ಗ್ರಂಥಿಯನ್ನು ತಿವಿಯುತ್ತಲೇ ಇರುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆ ಹೊತ್ತಿಗೆ ನಾನು ತಿದ್ದುತ್ತಿದ್ದ ಪೋಸ್ಟರಿನ ಮೊದಲ ಸಾಲಿನಲ್ಲೇ ಅಂಥದ್ದೇ ವಿಷಯವಿತ್ತು.

ಅಮ್ಮ ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡು, "ಏನಾಗಿಲ್ಲ, ಸುಮ್ಮನೆ ಗಾಬರಿ ಮಾಡ್ಕೋಬೇಡ" ಎಂದು ನನಗೇ ಸಮಾಧಾನ ಹೇಳಿದಳು. "ಫೋನಿಡೋ ಮುಂಚೆ ಕಣ್ಣು ಕತ್ತಲೆ ಬರ್ತಿದೆ ಅಂದೆನಲ್ಲ ಪುಟ್ಟಿಗೆ" ಅಂದಳು.

ಕಣ್ಣು ಕತ್ತಲೆ ಬರುವುದು. ಮಗಳು ಅದನ್ನು ಕೇಳಿಸಿಕೊಂಡಿದ್ದಳು. ಅರ್ಥ ಮಾಡಿಕೊಂಡಿದ್ದಳು. ತನಗೆ ಬರುವ ಭಾಷೆಯಲ್ಲಿ, ಅಕ್ಷರ ಅಕ್ಷರ ಸರಿಯಾಗಿ, ನನಗೆ ತಲುಪಿಸಿದ್ದಳು. ಸುದ್ದಿ ಮೈಸೂರಿನಿಂದ ಎಡಿಸನ್ನಿನ ಮೇಜಿನ ಈ ತುದಿಯವರೆಗೆ ಬಂದು ಮುಟ್ಟಿತ್ತು. ಅದನ್ನು ತೆಗೆದುಕೊಳ್ಳದೆ, ಬೇರೆ ಲಕೋಟೆಯಲ್ಲಿ ಹಾಕಿಕೊಂಡು ಬಾ ಎಂದು ವಾಪಸು ಕಳಿಸಿದವಳು ನಾನು.

ಮಂಗಳವಾರ ಬೆಳಿಗ್ಗೆ ಪೋಸ್ಟರಿನ ಉದ್ದನೆಯ ಕೊಳವೆಯನ್ನು ಹೆಗಲಿಗೆ ನೇತುಹಾಕಿಕೊಂಡು ಎಡಿಸನ್ ನಿಲ್ದಾಣದಲ್ಲಿ ರೈಲು ಹತ್ತಿದೆ. ಮೆಟುಚೆನ್, ರಾವೇ, ಎಲಿಜಬೆತ್, ನೆವಾರ್ಕ್, ಆಮೇಲೆ ಹಡ್ಸನ್ ನದಿಯ ಕೆಳಗಿನ ಸುರಂಗ. ಮೂರು ರಾತ್ರಿ ಸರಿಯಾಗಿ ನಿದ್ದೆ ಇರಲಿಲ್ಲ. ಹೋಗಬೇಕೆಂಬ ಉತ್ಸಾಹವೂ ಇರಲಿಲ್ಲ.

ಮೊದಲ ಭಾಷಣಕಾರರು ಶುರು ಮಾಡಿದ್ದು ಆಟೋ ಲೋವಿಯ ಕಥೆಯಿಂದ. ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ಕಥೆ, ಆದರೂ ಎಷ್ಟು ಸಲ ಕೇಳಿದರೂ ಬೇಸರ ಬಾರದು. ನರವೊಂದು ಹೃದಯಕ್ಕೆ "ನಿಧಾನ" ಎಂದು ಹೇಳುವುದು ಹೇಗೆ? ವಿದ್ಯುತ್ತಿನಿಂದಲೋ, ಯಾವುದಾದರೂ ರಾಸಾಯನಿಕದಿಂದಲೋ? ಆಸ್ಟ್ರಿಯದ ಗ್ರಾತ್ಸ್ ಊರಿನಲ್ಲಿದ್ದ ಲೋವಿಗೆ ಒಂದು ರಾತ್ರಿ ಕನಸಿನಲ್ಲಿ ಪ್ರಯೋಗದ ದಾರಿ ಹೊಳೆಯಿತು. ನಿದ್ದೆಗಣ್ಣಿನಲ್ಲೇ ಬರೆದಿಟ್ಟರು, ಬೆಳಿಗ್ಗೆ ನೋಡಿದರೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಮತ್ತೆ ಬಂತು. ಈ ಸಲ ಬರೆಯುವ ಗೋಜಿಗೆ ಹೋಗದೆ ನೇರ ಪ್ರಯೋಗಾಲಯಕ್ಕೆ ನಡೆದರು. ಎರಡು ಕಪ್ಪೆಗಳ ಹೃದಯ ತೆಗೆದುಕೊಂಡರು. ಒಂದರ ನರವನ್ನು ಕೆರಳಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯ ಮುಳುಗಿದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದರು. ಯಾವ ನರವೂ ಮುಟ್ಟದ ಆ ಎರಡನೆಯ ಹೃದಯದ ಬಡಿತವೂ ನಿಧಾನವಾಯಿತು. ಸುದ್ದಿ ನೀರಿನಲ್ಲಿತ್ತು. 1921ರಲ್ಲಿ ಅವರು ಇದನ್ನು ಪ್ರಕಟಿಸಿದರು, 1936ರಲ್ಲಿ ನೊಬೆಲ್ ಬಂತು. 1938ರಲ್ಲಿ ನಾಜಿಗಳು ಅವರನ್ನು ಸೆರೆಗೆ ಹಾಕಿ, ನೊಬೆಲ್ ಹಣವನ್ನೂ ಕಿತ್ತುಕೊಂಡರು. 1940ರಲ್ಲಿ ಅವರು ಬಂದು ಸೇರಿದ್ದು ನ್ಯೂಯಾರ್ಕ್ ವಿಶ್ವವಿದ್ಯಾಲಯವನ್ನು. 1961ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ.

ಹೊಸ ದೇಶಕ್ಕೆ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಸುದ್ದಿ ಮುಟ್ಟಿಸುವುದರ ಬಗ್ಗೆ ಅಷ್ಟು ತಿಳಿದಿದ್ದ ಮನುಷ್ಯ ಆ ವಯಸ್ಸಿನಲ್ಲಿ ದಿನವಿಡೀ ಬೇರೆ ಭಾಷೆಯಲ್ಲಿ ಬದುಕಬೇಕಾಯಿತಲ್ಲ ಎಂದು ಕೂತಲ್ಲೇ ಯೋಚಿಸುತ್ತಿದ್ದೆ.

ಎರಡನೆಯ ಭಾಷಣ ನನ್ನ ವಿಷಯದ್ದೇ, ಇನ್ಸುಲಿನ್. ಊಟ ಮಾಡಿದಾಗ ಮೇದೋಜೀರಕ ಗ್ರಂಥಿಯ ಬೀಟಾ ಜೀವಕೋಶಗಳು ರಕ್ತಕ್ಕೆ ಇನ್ಸುಲಿನ್ ಬಿಡುತ್ತವೆ. ಅದೊಂದು ಸುದ್ದಿ: "ಸಕ್ಕರೆ ಬಂದಿದೆ, ಒಳಗೆ ತೆಗೆದುಕೊಳ್ಳಿ." ಸ್ನಾಯುವಿನ ಮತ್ತು ಕೊಬ್ಬಿನ ಜೀವಕೋಶಗಳ ಹೊರಮೈಯಲ್ಲಿ ಆ ಸುದ್ದಿಯನ್ನು ಹಿಡಿಯುವ ಗ್ರಾಹಕಗಳಿವೆ. ಇನ್ಸುಲಿನ್ ಅಲ್ಲಿಗೆ ಬಂದು ಕೂತಾಗ ಒಳಗಿನಿಂದ ಸಕ್ಕರೆಯ ಬಾಗಿಲುಗಳು ಮೇಲೆ ಬಂದು ತೆರೆದುಕೊಳ್ಳುತ್ತವೆ.

ಇಷ್ಟು ಗೊತ್ತಾಗಲು ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಎಂದು ಅಳೆಯಬೇಕಿತ್ತು. ಅದು ಎಷ್ಟು ಸೂಕ್ಷ್ಮ ಪ್ರಮಾಣವೆಂದರೆ ಅಳೆಯುವ ಉಪಾಯವೇ ಇರಲಿಲ್ಲ. ಉಪಾಯ ಕಂಡುಹಿಡಿದವರು ಇದೇ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿ, ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡಿದ ರೋಸಲಿನ್ ಯಾಲೊ ಮತ್ತು ಅವರ ಜೊತೆಗಾರ ಸಾಲೊಮನ್ ಬರ್ಸನ್. ಯಾಲೊ ಅವರ ತಂದೆತಾಯಿ ಹೈಸ್ಕೂಲು ಕಂಡವರಲ್ಲ. ಎರಡು ಮಕ್ಕಳನ್ನು ಬೆಳೆಸುತ್ತಲೇ ಆಕೆ ಈ ಕೆಲಸ ಮಾಡಿದರು. 1977ರಲ್ಲಿ ನೊಬೆಲ್ ಪಡೆದರು. ಬರ್ಸನ್ 1972ರಲ್ಲೇ ತೀರಿಹೋಗಿದ್ದರು. 1960ರಲ್ಲಿ ಅವರಿಬ್ಬರೂ ಅಳೆದು ನೋಡಿದಾಗ ಕಂಡ ಒಂದು ಸಂಗತಿ ವೈದ್ಯರನ್ನೆಲ್ಲ ಬೆರಗುಗೊಳಿಸಿತು. ಸಕ್ಕರೆ ಕಾಯಿಲೆ ಅಂದರೆ ಇನ್ಸುಲಿನ್ ಇಲ್ಲದಿರುವುದು ಎಂದುಕೊಂಡಿದ್ದರೆ, ದೊಡ್ಡ ವಯಸ್ಸಿನಲ್ಲಿ ಕಾಯಿಲೆ ಬಂದ ಎಷ್ಟೋ ಜನರ ರಕ್ತದಲ್ಲಿ ಇನ್ಸುಲಿನ್ ಧಾರಾಳವಾಗಿತ್ತು. ಸುದ್ದಿ ಹೋಗುತ್ತಿತ್ತು. ಆದರೆ ಜೀವಕೋಶಗಳು ಅದಕ್ಕೆ ಸರಿಯಾಗಿ ಓಗೊಡುತ್ತಿರಲಿಲ್ಲ.

ಯಾಕೆ ಓಗೊಡುವುದಿಲ್ಲ ಎಂಬುದಕ್ಕೆ ಕಾರಣಗಳು ಹಲವು, ಹೆಚ್ಚಿನವು ಜೀವಕೋಶದ ಒಳಗೇ ಇವೆ. ಆದರೆ ಆ ದಿನ ಭಾಷಣಕಾರರು ತೋರಿಸಿದ ಒಂದು ಚಿತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಇನ್ಸುಲಿನ್ ಬಹಳ ಹೊತ್ತು, ಬಹಳ ಹೆಚ್ಚಾಗಿ ಬಂದು ಬಡಿಯುತ್ತಲೇ ಇದ್ದರೆ ಜೀವಕೋಶ ತನ್ನ ಹೊರಮೈಯಲ್ಲಿರುವ ಗ್ರಾಹಕಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳುತ್ತದೆ. ಕೇಳಿ ಕೇಳಿ ಸಾಕಾಗಿ ಕಿವಿ ಕಡಿಮೆ ಮಾಡಿಕೊಂಡ ಹಾಗೆ. ಕೂಗು ಜೋರಾದಷ್ಟೂ ಕೇಳಿಸುವುದು ಕಡಿಮೆ.

ಈ ಚಿತ್ರ ನಾನೇ ನೂರು ಸಲ ನೋಡಿದ್ದು, ಹೊಸಬರಿಗೆ ವಿವರಿಸಿದ್ದು. ಆವತ್ತು ಮಾತ್ರ ಅದರಲ್ಲಿ ನನ್ನ ಅಡುಗೆಮನೆ ಕಾಣಿಸಿತು. ಕನ್ನಡದಲ್ಲಿ ಹೇಳು, ಕನ್ನಡದಲ್ಲಿ ಹೇಳು, ಕನ್ನಡದಲ್ಲಿ ಹೇಳು.

ಜೀವಕೋಶವನ್ನೂ ಮಗುವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದು, ಗೊತ್ತು. ಜೀವಕೋಶಕ್ಕೆ ಮುಖ ಸಣ್ಣದಾಗುವುದಿಲ್ಲ. ಆದರೂ ಒಂದು ಮಾತು ಖಂಡಿತ. ನನ್ನ ಮಗಳಿಗೆ ಕನ್ನಡ ಬರುವುದಿಲ್ಲ ಎಂದು ನಾನು ವರ್ಷಗಟ್ಟಲೆ ಕೊರಗುತ್ತಿದ್ದುದು ತಪ್ಪು. ಕನ್ನಡ ಅವಳಿಗೆ ತಲುಪುತ್ತಿತ್ತು. ಅಜ್ಜಿ ಕಣ್ಣು ಕತ್ತಲೆ ಎಂದಾಗ ಅದು ಸಾಮಾನ್ಯ ಮಾತಲ್ಲ, ಅಮ್ಮನಿಗೆ ಹೇಳಬೇಕಾದದ್ದು ಎನ್ನುವಷ್ಟು ಒಳಕ್ಕೆ ತಲುಪುತ್ತಿತ್ತು. ಹೊರಗೆ ಬರುವ ದಾರಿಯಲ್ಲಿ ಅವಳು ಸೋಲುತ್ತಿದ್ದಳು, ಮತ್ತು ಆ ದಾರಿಯ ಬಾಯಿಗೆ ನಾನೇ ಪಹರೆಯವಳ ಹಾಗೆ ನಿಂತಿದ್ದೆ.

ಮಧ್ಯಾಹ್ನ ನನ್ನ ಪೋಸ್ಟರಿನ ಮುಂದೆ ಹತ್ತಾರು ಜನ ಬಂದು ಹೋದರು. ಒಳ್ಳೆಯ ಪ್ರಶ್ನೆ ಕೇಳಿದರು. ಉತ್ತರ ಕೊಟ್ಟೆ. ಈ ಮಾತ್ರೆಗಳನ್ನು ಉಪವಾಸದ ದಿನ ವಯಸ್ಸಾದವರು ತೆಗೆದುಕೊಂಡರೆ ಏನಾಗುತ್ತದೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಆ ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಯ ಅವಧಿಯಲ್ಲಿ ಬ್ಯಾಕ್ಟೀರಿಯಾಗಳ ಮಾತು ಬಂತು. ನಮ್ಮ ಎಡಿಸನ್ನಿನಿಂದ ಅರ್ಧ ಗಂಟೆಯ ದಾರಿ ಪ್ರಿನ್ಸ್‌ಟನ್. ಅಲ್ಲಿನ ವಿಶ್ವವಿದ್ಯಾಲಯದ ಬಾನಿ ಬ್ಯಾಸ್ಲರ್ ಅವರ ಕೆಲಸವನ್ನು ಒಬ್ಬರು ವಿವರಿಸಿದರು. ಸಮುದ್ರದಲ್ಲಿ ವಿಬ್ರಿಯೊ ಹಾರ್ವಿ ಎಂಬ ಒಂದು ಬ್ಯಾಕ್ಟೀರಿಯಾ ಇದೆ, ಅದು ಬೆಳಕು ಬೀರುತ್ತದೆ. ಆದರೆ ಒಂಟಿಯಾಗಿದ್ದಾಗ ಬೀರುವುದಿಲ್ಲ. ಪ್ರತಿಯೊಂದೂ ತನ್ನ ಸುತ್ತ ಒಂದು ರಾಸಾಯನಿಕವನ್ನು ಬಿಡುತ್ತಿರುತ್ತದೆ. ಜೊತೆಯವರು ಸಾಕಷ್ಟು ಸೇರಿ ಆ ರಾಸಾಯನಿಕ ದಟ್ಟವಾದಾಗ ಎಲ್ಲವೂ ಒಟ್ಟಿಗೆ ಬೆಳಗುತ್ತವೆ. ಇನ್ನೂ ಸೋಜಿಗವೆಂದರೆ ಬ್ಯಾಸ್ಲರ್ ಅದಕ್ಕೆ ಇನ್ನೊಂದು ಸಂಕೇತವೂ ಇರುವುದನ್ನು ತೋರಿಸಿದರು. ಒಂದು ಸಂಕೇತ ತನ್ನ ಜಾತಿಯವರಿಗೆ ಮಾತ್ರ ತಿಳಿಯುವಂಥದ್ದು. ಇನ್ನೊಂದು, ಬೇರೆ ಬೇರೆ ಜಾತಿಯ ಎಷ್ಟೋ ಬ್ಯಾಕ್ಟೀರಿಯಾಗಳು ತಯಾರಿಸಬಲ್ಲ, ತಿಳಿಯಬಲ್ಲ ಸಂಕೇತ. ಎರಡನ್ನೂ ಅದು ಒಟ್ಟೊಟ್ಟಿಗೇ ಕೇಳಿಸಿಕೊಂಡು, ಸುತ್ತ ಯಾರು ಎಷ್ಟಿದ್ದಾರೆ ಎಂದು ಲೆಕ್ಕ ಹಾಕುತ್ತದೆ.

ಸಂಜೆ ಮನೆಗೆ ಬಂದು ಮಗಳ ಪಕ್ಕ ಕೂತೆ. ಮೊದಲು ಕೇಳಬೇಕಾದ ಕ್ಷಮೆ ಕೇಳಿದೆ. "ಶನಿವಾರ ನೀನು ಸರಿಯಾಗೇ ಹೇಳಿದ್ದೆ. ಅಮ್ಮ ಕೇಳಿಸ್ಕೊಳ್ಳಲಿಲ್ಲ." ಅವಳು ಏನೂ ಅನ್ನಲಿಲ್ಲ, ನನ್ನ ಕುತ್ತಿಗೆಯಲ್ಲಿದ್ದ ಸಮ್ಮೇಳನದ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೂರು ದಿನದಿಂದ ಅವಳ ಮನಸ್ಸಿನಲ್ಲೂ ಅದೇ ಇತ್ತೆಂದು ನನಗೆ ಆಗ ತಿಳಿಯಿತು. ತಾನು ಕನ್ನಡದಲ್ಲಿ ಹೇಳಿದ್ದರೆ ಅಜ್ಜಿಗೆ ಹಾಗಾಗುತ್ತಿರಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಎಂಟು ವರ್ಷದ ಮಗು ಇಂಥ ಪ್ರಶ್ನೆ ಹೊತ್ತುಕೊಂಡು ಶಾಲೆಗೆ ಹೋಗಿ ಬಂದಿತ್ತು. ಅದರ ಉತ್ತರವನ್ನು ನಾನು ಎರಡೂ ಭಾಷೆಯಲ್ಲಿ ಹೇಳಿದೆ. ಇಲ್ಲ ಕಂದ, ಅದು ನಿನ್ನಿಂದ ಆದದ್ದಲ್ಲ.

ಆಮೇಲೆ ಬೆಳಗುವ ಬ್ಯಾಕ್ಟೀರಿಯಾದ ಕಥೆ ಹೇಳಿದೆ. ಅವಳ ಕಣ್ಣು ಅರಳಿತು. "ಸೋ, ದೇ ಹ್ಯಾವ್ ಕನ್ನಡ ಅಂಡ್ ಇಂಗ್ಲಿಷ್?" ಅಂದಳು. ಹೌದು, ಹೆಚ್ಚುಕಡಿಮೆ ಹಾಗೇ ಅಂದೆ. ಸ್ವಲ್ಪ ಯೋಚಿಸಿ, "ಬಟ್ ಹಿಯರ್ ಐ ಆಮ್ ಓನ್ಲಿ ಒನ್" ಅಂದಳು.

ಈ ಮಾತನ್ನು ನಾನು ಯಾವ ಭಾಷಣದಲ್ಲೂ ಕೇಳಿರಲಿಲ್ಲ. ನಿಜವಲ್ಲವೇ? ಹಿಂದಿನ ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿದ್ದಾಗ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ನಡುವೆ ಮೊದಲ ವಾರ ಮೂಕಿಯಂತಿದ್ದವಳು ಹತ್ತನೆಯ ದಿನಕ್ಕೆ "ನಂಗೆ ಕೊಡೋ, ನಂದು ಟರ್ನು" ಎಂದು ಜಗಳಕ್ಕೆ ನಿಂತಿದ್ದಳು. ವಾಪಸು ಬಂದ ಎರಡೇ ವಾರದಲ್ಲಿ ಅದು ಆರಿಹೋಯಿತು. ಮಗಳು ಮರೆತಳು ಎಂದು ನಾನು ಬೇಸರಪಟ್ಟಿದ್ದೆ. ಸುತ್ತ ಬೆಳಗಲು ಜೊತೆಯಿಲ್ಲ ಎಂದು ನನಗೆ ಹೊಳೆದಿರಲಿಲ್ಲ. ಒಂದು ಮಗುವನ್ನು ಇಂಗ್ಲಿಷಿನ ಕಡಲಿನಲ್ಲಿ ಒಂಟಿಯಾಗಿ ಬಿಟ್ಟು, ಯಾಕೆ ಬೆಳಗುತ್ತಿಲ್ಲ ಎಂದು ಗದರಿಸುತ್ತಿದ್ದೆ.

ಆಗಿನಿಂದ ಮನೆಯಲ್ಲಿ ಮಾಡಿಕೊಂಡ ಬದಲಾವಣೆ ದೊಡ್ಡದೇನೂ ಅಲ್ಲ, ಆದರೂ ನಿಮಗೆ ಉಪಯೋಗವಾದೀತೆಂದು ಹೇಳುತ್ತೇನೆ. "ಕನ್ನಡದಲ್ಲಿ ಹೇಳು" ಎನ್ನುವುದನ್ನು ಬಿಟ್ಟೆ. ಅವಳು ಇಂಗ್ಲಿಷಿನಲ್ಲಿ ಹೇಳಿದರೆ ಮೊದಲು ವಿಷಯಕ್ಕೆ ಉತ್ತರ ಕೊಡುತ್ತೇನೆ, ಅವಳ ಮಾತನ್ನೇ ಕನ್ನಡದಲ್ಲಿ ಸೇರಿಸಿಕೊಂಡು. "ಐ ಸ್ಕ್ರೇಪ್ಡ್ ಮೈ ನೀ" ಅಂದರೆ "ಅಯ್ಯೋ, ಮಂಡಿ ತರಚಿತಾ? ತೋರಿಸು." ಅವಳು ಆ ಪದ ಹಿಂತಿರುಗಿ ಹೇಳಲೇಬೇಕೆಂದಿಲ್ಲ. ಆಮೇಲೆ, ಹತ್ತಿರದ ಎರಡು ಕನ್ನಡ ಮನೆಗಳ ಜೊತೆ ಮಾತಾಡಿ ಭಾನುವಾರ ಮಧ್ಯಾಹ್ನ ಐದು ಮಕ್ಕಳನ್ನು ಒಂದೆಡೆ ಸೇರಿಸುತ್ತೇವೆ. ಪಾಠ ಇಲ್ಲ, ಪುಸ್ತಕ ಇಲ್ಲ. ಚೌಕಾಬಾರ ಆಡುತ್ತಾರೆ, ಅವಲಕ್ಕಿ ತಿನ್ನುತ್ತಾರೆ. ನೂರಕ್ಕೆ ಎಂಬತ್ತು ಮಾತು ಈಗಲೂ ಇಂಗ್ಲಿಷೇ. ಕವಡೆ ಬಿದ್ದಾಗಿನ ಜಗಳ ಮಾತ್ರ ಈಚೆಗೆ ಕನ್ನಡಕ್ಕೆ ತಿರುಗುತ್ತಿದೆ.

ಇನ್ನೊಂದು ಕೆಲಸ ಅಮ್ಮನದು. ಮೈಸೂರಿನ ಡಾಕ್ಟರ ಹತ್ತಿರ ಮಾತಾಡಿ, ಏಕಾದಶಿಯ ದಿನ ಮಾತ್ರೆಯ ವಿಷಯದಲ್ಲಿ ಏನು ಮಾಡಬೇಕೆಂದು ಬರೆಸಿಕೊಂಡು ದೇವರ ಮನೆಯ ಪಂಚಾಂಗಕ್ಕೇ ಅಂಟಿಸಿದೆವು. ನಿಮ್ಮ ಮನೆಯ ಹಿರಿಯರೂ ಸಕ್ಕರೆ ಮಾತ್ರೆ ತೆಗೆದುಕೊಂಡು ಉಪವಾಸ ಮಾಡುವವರಾದರೆ ದಯವಿಟ್ಟು ಅವರ ಡಾಕ್ಟರನ್ನು ಒಮ್ಮೆ ಕೇಳಿಸಿ. ಕೈ ನಡುಕ, ಬೆವರು, ಕಣ್ಣು ಕತ್ತಲೆ, ಮಾತು ತೊದಲುವುದು ಕಂಡರೆ ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಸಬೇಕೆಂದು ಪಕ್ಕದ ಮನೆಯವರಿಗೂ ತಿಳಿಸಿಡಿ. ಮಕ್ಕಳಿಗೂ ಈ ನಾಲ್ಕು ಮಾತು ಹೇಳಿಕೊಡಿ, ಯಾವ ಭಾಷೆಯಲ್ಲಾದರೂ ಸರಿ.

ಮಗಳಿಗೆ ಅಜ್ಜಿ ಒಂದು ಕೆಲಸ ಕೊಟ್ಟಿದ್ದಾಳೆ. ಈಗ ಕರೆ ಶನಿವಾರಕ್ಕೆ ಮಾತ್ರವಲ್ಲ, ದಿನಾ ಬೆಳಿಗ್ಗೆ ಶಾಲೆಯ ಬಸ್ಸಿಗೆ ಮುಂಚೆ ಎರಡು ನಿಮಿಷ. "ಊಟ ಆಯ್ತಾ?" ಎಂದು ನಾವು ಎದುರು ಸಿಕ್ಕವರನ್ನೆಲ್ಲ ಕೇಳುತ್ತೇವೆ, ಉತ್ತರಕ್ಕೆ ಕಾಯುವುದೂ ಇಲ್ಲ. ನನ್ನ ಮಗಳು ಕಾಯುತ್ತಾಳೆ.

ನಿನ್ನೆ ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತಲೇ ಕೇಳುತ್ತಿದ್ದಳು.

"ಅಜ್ಜಿ, ಊಟ ಆಯ್ತಾ?"

"ಆಯ್ತು ಕಣೇ ಪುಟ್ಟಿ."

"ಏನು ಊಟ?"

ಆ ಕಡೆ ಒಂದು ಕ್ಷಣ ಮೌನ. ಅಮ್ಮ ಸಿಕ್ಕಿಬಿದ್ದಿದ್ದಳು. "ಮಧ್ಯಾಹ್ನ ಚಪಾತಿ ತಿಂದೆ. ಸಂಜೆಗೆ ಇನ್ನೂ ಏನೂ ಇಲ್ಲ, ಈಗ ತಿಂತೀನಿ."

"ಈಗ ತಿನ್ನು ಅಜ್ಜಿ. ನಾನು ನೋಡ್ತೀನಿ."

ಅಜ್ಜಿ ಒಳಗೆ ಹೋಗಿ ಎರಡು ಇಡ್ಲಿ ತಂದು ಫೋನಿನ ಮುಂದೆ ಕೂತಳು. ಬಸ್ಸಿಗೆ ಇನ್ನೂ ನಾಲ್ಕು ನಿಮಿಷವಿತ್ತು. ನಾನು ಏನೂ ಮಾತಾಡದೆ ಅವಳ ಊಟದ ಡಬ್ಬಿಯ ಮುಚ್ಚಳ ಹಾಕಿದೆ.